ಅಮೆರಿಕಕ್ಕೆ ಮಕ್ಕಳ ಮನೆಗೆ ಹೋದವರು ಗ್ವಾಟೆಮಾಲಾ ನೋಡಿ ಬರುವುದು ಹೇಗೆ

ನಮ್ಮ ಇಳಕಲ್ಲು, ಬಾಗಲಕೋಟೆ, ವಿಜಯಪುರ ಕಡೆಯ ಎಷ್ಟೋ ಅಪ್ಪ-ಅಮ್ಮ ಈಗ ಮಕ್ಕಳ ಮನೆಗೆ ಅಂತ ಅಮೆರಿಕಕ್ಕೆ ಹೋಗುತ್ತಾರೆ. ಹೋದರೆ ತಿಂಗಳುಗಟ್ಟಲೆ ಇರುತ್ತಾರೆ. ಮಗ-ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ. ನಯಾಗರಾ ನೋಡಿದ್ದಾಯಿತು ಅಂದರೆ ಮುಂದೆ ಏನು ಮಾಡೋದು ಅಂತ ಗೊತ್ತಾಗುವುದಿಲ್ಲ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಮಗಳು ಹ್ಯೂಸ್ಟನ್‌ನಲ್ಲಿದ್ದಾಳೆ. ಅಲ್ಲಿಂದ ಗ್ವಾಟೆಮಾಲಾಕ್ಕೆ ನೇರ ವಿಮಾನದಲ್ಲಿ ಸುಮಾರು ಮೂರು ತಾಸು ಅಷ್ಟೇ. ನಮ್ಮದು ಮಗ್ಗದ ಮನೆ, ಸೀರೆ ವ್ಯಾಪಾರ. ಆ ದೇಶದ ಹೆಣ್ಣುಮಕ್ಕಳು ಇವತ್ತಿಗೂ ತಾವೇ ನೇಯ್ದು ಉಡುತ್ತಾರೆ ಎಂದು ಗೊತ್ತಾದ ಮೇಲೆ ನೋಡದೆ ಬರಲು ಮನಸ್ಸಾಗಲಿಲ್ಲ. ನಾನು ಮತ್ತು ನಮ್ಮ ಯಜಮಾನರು ಮಗಳ ಜೊತೆ ಹೋಗಿ ಬಂದೆವು.

ಗ್ವಾಟೆಮಾಲಾ ಮಧ್ಯ ಅಮೆರಿಕದಲ್ಲಿ, ಮೆಕ್ಸಿಕೊ ಕೆಳಗಿದೆ. ವಿಸ್ತೀರ್ಣ ಸುಮಾರು 1.09 ಲಕ್ಷ ಚದರ ಕಿಲೋಮೀಟರ್, ಅಂದರೆ ನಮ್ಮ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಆಡಳಿತ ಭಾಷೆ ಸ್ಪ್ಯಾನಿಷ್. ಅದರ ಜೊತೆಗೆ ಅಲ್ಲಿಯ ಮೂಲನಿವಾಸಿಗಳಾದ ಮಾಯಾ ಜನರ 22 ಭಾಷೆಗಳಿವೆ. ಹಳ್ಳಿಗಳಲ್ಲಿ ವಯಸ್ಸಾದ ಹೆಂಗಸರಿಗೆ ಸ್ಪ್ಯಾನಿಷ್ ಕೂಡ ಅಷ್ಟಾಗಿ ಬರುವುದಿಲ್ಲ. ಆದ್ದರಿಂದ ನನಗೆ ಭಾಷೆ ಬರಲ್ಲ ಎಂದು ಅಂಜಬೇಡಿ.

ಮೊದಲು ವೀಸಾ ಮಾತು. ಭಾರತದ ಪಾಸ್‌ಪೋರ್ಟ್‌ಗೆ ಗ್ವಾಟೆಮಾಲಾ ವೀಸಾ ಬೇಕು. ಆದರೆ ನಿಮ್ಮ ಹತ್ತಿರ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದರೆ ಅದೇ ಸಾಕು, ಬೇರೆ ವೀಸಾ ಬೇಡ. ಕೆನಡಾ ಅಥವಾ ಯುರೋಪಿನ ಶೆಂಗೆನ್ ವೀಸಾ ಇದ್ದವರಿಗೂ ಹೀಗೆಯೇ. ಮಕ್ಕಳ ಮನೆಗೆ ಹೋದವರಿಗೆ ಈ ಪ್ರವಾಸ ಸುಲಭ ಎನ್ನುವುದು ಇದೇ ಕಾರಣಕ್ಕೆ. ಹೀಗಿದ್ದರೂ ಟಿಕೆಟ್ ತೆಗೆಸುವ ಮೊದಲು ದೆಹಲಿಯಲ್ಲಿರುವ ಗ್ವಾಟೆಮಾಲಾ ರಾಯಭಾರ ಕಚೇರಿಗೆ ಒಂದು ಇಮೇಲ್ ಹಾಕಿ ಕೇಳಿ, ಬಂದ ಉತ್ತರವನ್ನು ಪ್ರಿಂಟ್ ಮಾಡಿ ಇಟ್ಟುಕೊಳ್ಳಿ. ವಿಮಾನ ಹತ್ತಿಸುವ ಕೌಂಟರಿನಲ್ಲಿ ಕೂತವರಿಗೆ ಎಲ್ಲ ನಿಯಮ ಬಾಯಿಪಾಠ ಇರುವುದಿಲ್ಲ. ಆ ಕಾಗದ ಅಲ್ಲಿ ಕೆಲಸಕ್ಕೆ ಬರುತ್ತದೆ.

ಅಮೆರಿಕದ ವೀಸಾದಲ್ಲಿ ಇನ್ನೊಂದು ವಿಷಯ ನೋಡಬೇಕು. ಪಾಸ್‌ಪೋರ್ಟ್‌ನಲ್ಲಿ ಅಂಟಿಸಿದ ವೀಸಾದ ಮೇಲೆ ಎಂಟ್ರೀಸ್ ಎನ್ನುವ ಕಡೆ ಎಂ ಅಕ್ಷರ ಇರಬೇಕು. ಇದ್ದರೆ ಎಷ್ಟು ಸಲವಾದರೂ ಹೊರಗೆ ಹೋಗಿ ಒಳಗೆ ಬರಬಹುದು. ಒಂದೇ ಸಲದ ವೀಸಾ ಇದ್ದವರು ಗ್ವಾಟೆಮಾಲಾಕ್ಕೆ ಹೋದರೆ ತಿರುಗಿ ಮಕ್ಕಳ ಮನೆಗೆ ಬರಲಾಗುವುದಿಲ್ಲ. ಇದನ್ನು ಎರಡೆರಡು ಸಲ ನೋಡಿ. ವಾಪಸ್ ಬಂದಾಗ ಅಮೆರಿಕದ ಅಧಿಕಾರಿ ಮತ್ತೆ ಪ್ರಶ್ನೆ ಕೇಳಿ, ಎಷ್ಟು ದಿನ ಇರಬಹುದೆಂದು ಮತ್ತೆ ಬರೆಯುತ್ತಾರೆ. ಆಗ ಊರಿಗೆ ಹೋಗುವ ಟಿಕೆಟ್ ಕೈಯಲ್ಲಿರಲಿ. ಕೇಳಿದ್ದಕ್ಕೆ ಅಷ್ಟೇ ಉತ್ತರ ಕೊಡಿ. ಮಕ್ಕಳು ಜೊತೆಗಿದ್ದರೆ ಚಲೋ.

ಅಮೆರಿಕ ದಾರಿ ಬಿಟ್ಟು ಊರಿಂದಲೇ ಹೋಗುವವರಿಗೆ ಸ್ಪೇನಿನ ಮ್ಯಾಡ್ರಿಡ್‌ನಿಂದ ವಿಮಾನ ಇದೆ. ಬೆಳಗಾವಿಯ ಸಾಂಬ್ರಾದಿಂದಲೋ ಹುಬ್ಬಳ್ಳಿಯಿಂದಲೋ ದೊಡ್ಡ ಊರಿಗೆ ಹೋಗಿ ಅಲ್ಲಿಂದ ಹಿಡಿಯಬೇಕು. ಆದರೆ ದಾರಿಯಲ್ಲಿ ಬರೀ ವಿಮಾನ ಬದಲಿಸಲೂ ಕೆಲವು ದೇಶಗಳು ನಮ್ಮವರಿಗೆ ವೀಸಾ ಕೇಳುತ್ತವೆ. ಅಮೆರಿಕವಂತೂ ಕೇಳಿಯೇ ಕೇಳುತ್ತದೆ.

ಗ್ವಾಟೆಮಾಲಾ ಜೊತೆಗೆ ಪನಾಮಾವನ್ನೂ ನೋಡೋಣ ಎಂದು ಮಕ್ಕಳು ಹೇಳಬಹುದು. ಪನಾಮಾದಲ್ಲಿ ಉಳಿದು ನೇರ ಭಾರತಕ್ಕೆ ಬರುವವರು ಹಳದಿ ಜ್ವರದ ಲಸಿಕೆ ಹಾಕಿಸಿದ ಕಾರ್ಡ್ ತೋರಿಸಬೇಕು. ಲಸಿಕೆ ಹಾಕಿಸಿ 10 ದಿನ ಕಳೆದಿರಬೇಕು. ಇಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಬೇರೆ ಇಡುತ್ತಾರೆ. ಬರೀ ಗ್ವಾಟೆಮಾಲಾ ನೋಡಿ ಬಂದವರಿಗೆ ಈ ತೊಂದರೆ ಇಲ್ಲ.

ಹೋಗಲು ಒಳ್ಳೆಯ ಕಾಲ ನವೆಂಬರಿನಿಂದ ಏಪ್ರಿಲ್. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆಗಾಲ. ಮುಂಜಾನೆ ಬಿಸಿಲಿದ್ದು ಮಧ್ಯಾಹ್ನದ ಮೇಲೆ ಸುರಿಯುತ್ತದೆ. ನೋಡುವ ಊರುಗಳಲ್ಲಿ ಹೆಚ್ಚಿನವು ಎತ್ತರದಲ್ಲಿವೆ, 1500 ಮೀಟರ್ ಮತ್ತು ಅದಕ್ಕೂ ಮೇಲೆ. ಡಿಸೆಂಬರ್, ಜನವರಿಯಲ್ಲಿ ರಾತ್ರಿ ಚೆನ್ನಾಗಿ ಚಳಿ ಇರುತ್ತದೆ. ನಮ್ಮ ಬಿಸಿಲಿಗೆ ಒಗ್ಗಿದ ಮೈಗೆ ಸ್ವೆಟರ್, ಶಾಲು, ಕಾಲುಚೀಲ ಬೇಕೇ ಬೇಕು.

ಅಲ್ಲಿಯ ದುಡ್ಡಿನ ಹೆಸರು ಕೆಟ್ಸಾಲ್. ಒಂದು ಡಾಲರಿಗೆ ಏಳೂವರೆಯಿಂದ ಎಂಟರೊಳಗೆ ಸಿಗುತ್ತದೆ. ಬಹಳ ವರ್ಷದಿಂದ ಹೆಚ್ಚು ಏರಿಳಿತ ಆಗಿಲ್ಲ. ರೂಪಾಯಿ ಅಲ್ಲಿ ನಡೆಯುವುದಿಲ್ಲ. ಡಾಲರ್ ಒಯ್ಯಿರಿ, ನೋಟು ಹೊಸದಿರಲಿ. ಅಂಚು ಹರಿದಿದ್ದರೆ, ಮೇಲೆ ಪೆನ್ನಿನ ಗೀಟು ಇದ್ದರೆ ತೆಗೆದುಕೊಳ್ಳುವುದಿಲ್ಲ. ಎಟಿಎಂ ಬಳಸುವುದಾದರೆ ಬ್ಯಾಂಕಿನ ಒಳಗೆ ಅಥವಾ ಮಾಲ್‌ನೊಳಗೆ ಇರುವುದನ್ನು, ಹಗಲಲ್ಲಿ ಬಳಸಿ. ಸಂತೆಗೆ, ದೋಣಿಗೆ, ಆಟೋಗೆ ಚಿಲ್ಲರೆ ಬೇಕು. ಫೋನಿಗೆ ಕ್ಲಾರೊ, ಟೀಗೊ ಎಂಬ ಎರಡು ಕಂಪನಿಗಳ ಸಿಮ್ ಸಿಗುತ್ತದೆ. ವಿದ್ಯುತ್ ಅಮೆರಿಕದ ಹಾಗೆ, ಚಪ್ಪಟೆ ಎರಡು ಕಡ್ಡಿಯ ಪ್ಲಗ್, 120 ವೋಲ್ಟ್. ಮಕ್ಕಳ ಮನೆಯ ಚಾರ್ಜರ್ ನಡೆಯುತ್ತದೆ. ಊರಿಂದ ಒಯ್ದ ನೀರು ಕಾಯಿಸುವ ಕೆಟಲ್ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಸಮಯ ನಮ್ಮದಕ್ಕಿಂತ ಹನ್ನೊಂದೂವರೆ ತಾಸು ಹಿಂದೆ.

ವಿಮಾನ ಇಳಿಯುವುದು ರಾಜಧಾನಿ ಗ್ವಾಟೆಮಾಲಾ ಸಿಟಿಯಲ್ಲಿ. ಅಲ್ಲಿ ಉಳಿಯಬೇಡಿ, ಸೀದಾ ಆಂಟೀಗ್ವಾಕ್ಕೆ ಹೋಗಿ. ಸುಮಾರು 40 ಕಿಲೋಮೀಟರ್, ಆದರೆ ಟ್ರಾಫಿಕ್ಕಿನಲ್ಲಿ ಒಂದೂವರೆ ತಾಸು ಹಿಡಿಯಬಹುದು. ಹೋಟೆಲಿನವರಿಗೇ ಹೇಳಿ ಗಾಡಿ ಕಳಿಸಲು ಕೇಳಿದರೆ ನಿಶ್ಚಿಂತೆ. ಹೋಟೆಲ್ ಹುಡುಕುವಾಗ ಆಂಟೀಗ್ವಾ ಗ್ವಾಟೆಮಾಲಾ ಎಂದೇ ಪೂರ್ತಿ ಬರೆಯಿರಿ. ಬರೀ ಆಂಟೀಗ್ವಾ ಎಂದರೆ ಕ್ರಿಕೆಟ್ಟಿನ ಆಂಟಿಗಾ ದ್ವೀಪ ತೋರಿಸುತ್ತದೆ. ಅದು ಬೇರೆ ದೇಶ.

ಆಂಟೀಗ್ವಾ ಮೊದಲು ರಾಜಧಾನಿಯಾಗಿತ್ತು. 1773ರ ಭೂಕಂಪದಲ್ಲಿ ಹಾಳಾಯಿತು, ಆಮೇಲೆ ರಾಜಧಾನಿಯನ್ನು ಈಗಿನ ಜಾಗಕ್ಕೆ ಒಯ್ದರು. ಬಿದ್ದ ಚರ್ಚುಗಳ ಗೋಡೆ ಇನ್ನೂ ಹಾಗೇ ನಿಂತಿವೆ. ಬೀದಿಗೆಲ್ಲ ಉರುಟು ಕಲ್ಲು ಹಾಸಿದ್ದಾರೆ. ಚಪ್ಪಲಿ ಹಾಕಿಕೊಂಡು ನಡೆದರೆ ಕಾಲು ಹೊರಳುತ್ತದೆ. ಮೊಣಕಾಲು ನೋವಿದ್ದವರು ಹಿಡಿತ ಇರುವ ಶೂ ಹಾಕಿಕೊಳ್ಳಿ. ಊರ ಸುತ್ತ ಮೂರು ಜ್ವಾಲಾಮುಖಿ ಪರ್ವತಗಳಿವೆ: ಆಗ್ವಾ, ಅಕಾತೆನಾಂಗೊ, ಫ್ವೇಗೊ. ಫ್ವೇಗೊ ಆಗಾಗ ಹೊಗೆ ಕಾರುತ್ತಲೇ ಇರುತ್ತದೆ. ಮುಗಿಲು ತಿಳಿಯಿದ್ದರೆ ರಾತ್ರಿ ಮಾಳಿಗೆ ಮೇಲೆ ನಿಂತಲ್ಲಿಂದಲೇ ಕೆಂಪು ಬೆಂಕಿ ಕಾಣುತ್ತದೆ. ಅಕಾತೆನಾಂಗೊ ಹತ್ತೋಣ ಎಂದು ಮಕ್ಕಳು ಕರೆದರೆ ಅವರನ್ನು ಕಳಿಸಿ, ನೀವು ಹೋಗಬೇಡಿ. ಅದು 3976 ಮೀಟರ್, ಚಳಿ ಮತ್ತು ಏರು ಎರಡೂ ಜಾಸ್ತಿ. ಪಕಾಯಾ ಎಂಬ ಇನ್ನೊಂದು ಪರ್ವತ ಸಣ್ಣದು, ಕುದುರೆ ಮೇಲೂ ಹೋಗಬಹುದು.

ಆಂಟೀಗ್ವಾ ಹತ್ತಿರ ಸಾನ್ ಆಂಟೋನಿಯೊ ಆಗ್ವಾಸ್ ಕಾಲಿಯೆಂತೆಸ್ ಎಂಬ ಹಳ್ಳಿ ಇದೆ. ಅರ್ಧ ದಿನ ಸಾಕು, ಬಿಡಬೇಡಿ. ಅಲ್ಲಿಯ ರವಿಕೆಗೆ ವಿಪೀಲ್ ಎನ್ನುತ್ತಾರೆ. ಅದರ ಮೇಲಿನ ಹೂವು, ಹಕ್ಕಿ ಎಲ್ಲ ನೇಯುವಾಗಲೇ ಬೆರಳಲ್ಲಿ ಎಳೆ ಎಬ್ಬಿಸಿ ಹಾಕಿದ್ದು. ಬಟ್ಟೆ ತಿರುಗಿಸಿ ನೋಡಿದರೆ ಹಿಂದೆ ಮುಂದೆ ಎರಡೂ ಹೆಚ್ಚುಕಡಿಮೆ ಒಂದೇ ಥರ. ನಮ್ಮ ಕಸೂತಿಯಲ್ಲಿ ಗವಂತಿ, ಮುರ್ಗಿ ಹೊಲಿಗೆ ಎರಡೂ ಕಡೆ ಒಂದೇ ಕಾಣುವ ಹಾಗೆ ಹಾಕುತ್ತೇವಲ್ಲ, ಅಲ್ಲಿ ಅದನ್ನು ಮಗ್ಗದ ಮೇಲೆಯೇ ಸಾಧಿಸಿದ್ದಾರೆ. ಸೂಜಿ ಹಿಡಿದು ಗೊತ್ತಿರುವ ಹೆಣ್ಣುಮಕ್ಕಳಿಗೆ ಇದು ಎಂಥ ಕೆಲಸ ಎಂದು ಹೇಳಬೇಕಾಗಿಲ್ಲ.

ಮುಂದೆ ಆಟಿಟ್ಲಾನ್ ಸರೋವರ. ಆಂಟೀಗ್ವಾದಿಂದ ವ್ಯಾನಿನಲ್ಲಿ ಮೂರು ತಾಸಿನ ಹಾದಿ. ತಿರುವುಗಳು ಬಹಳ, ವಾಂತಿ ಆಗುವವರು ಮಾತ್ರೆ ಇಟ್ಟುಕೊಳ್ಳಿ. ಬಣ್ಣ ಬಳಿದ ಹಳೆಯ ಬಸ್ಸುಗಳೂ ಓಡಾಡುತ್ತವೆ, ಅವು ಅಮೆರಿಕದ ಶಾಲಾ ಬಸ್ಸುಗಳಾಗಿದ್ದವು. ನೋಡಲು ಚೆಂದ. ಆದರೆ ವೇಗ, ಇಕ್ಕಟ್ಟು, ಕಿಸೆಗಳ್ಳರ ಕಾಟ, ಎಲ್ಲ ಸೇರಿ ನಮ್ಮ ವಯಸ್ಸಿನವರಿಗೆ ಬೇಡ. ಪ್ರವಾಸಿಗಳ ವ್ಯಾನನ್ನೇ ಹಿಡಿಯಿರಿ.

ಸರೋವರದ ದಂಡೆಯ ದೊಡ್ಡ ಊರು ಪಾನಾಹಾಚೆಲ್. ಅಲ್ಲಿ ಇಳಿದಾಗ ನಮ್ಮವರಿಗೆ ಆದ ಖುಷಿಯೇ ಬೇರೆ. ಸಾಲಾಗಿ ನಿಂತ ಕೆಂಪು ಆಟೋಗಳೆಲ್ಲ ನಮ್ಮ ಬಜಾಜ್! ಹತ್ತುವ ಮುಂಚೆ ಬಾಡಿಗೆ ಮಾತಾಡಿಕೊಳ್ಳಿ. ಸರೋವರದ ಸುತ್ತ ಹಳ್ಳಿಗಳಿವೆ. ಅಲ್ಲಿಗೆ ಹೋಗಲು ಮೋಟಾರ್ ದೋಣಿ. ದೋಣಿಯನ್ನು ಮುಂಜಾನೆಯೇ ಹತ್ತಿ. ಮಧ್ಯಾಹ್ನ ಆದಮೇಲೆ ಶೋಕೊಮಿಲ್ ಎಂಬ ಗಾಳಿ ಏಳುತ್ತದೆ, ನೀರು ಎದ್ದು ದೋಣಿ ಕುಕ್ಕುತ್ತದೆ. ಹಿಂದಿನ ಸೀಟಿನಲ್ಲಿ ಕೂತರೆ ಬೆನ್ನಿಗೆ ಪೆಟ್ಟು ಕಡಿಮೆ. ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ. ಸಂಜೆ ಐದರ ಹೊತ್ತಿಗೆ ದೋಣಿ ಕಡಿಮೆಯಾಗುತ್ತವೆ, ಅಷ್ಟರೊಳಗೆ ತಿರುಗಿ ಬನ್ನಿ.

ಒಂದೇ ಹಳ್ಳಿ ನೋಡುವುದಾದರೆ ಸಾನ್ ಹ್ವಾನ್ ಲಾ ಲಗೂನಾ ನೋಡಿ. ಅಲ್ಲಿ ಹೆಣ್ಣುಮಕ್ಕಳೇ ನಡೆಸುವ ನೇಕಾರ ಸಂಘಗಳಿವೆ. ಹತ್ತಿ ಬಿಡಿಸುವುದರಿಂದ ಹಿಡಿದು ಎಲ್ಲ ತೋರಿಸುತ್ತಾರೆ. ಬಿಳಿ ಹತ್ತಿಯ ಜೊತೆ ಕಂದು ಹತ್ತಿಯೂ ಇದೆ. ಬಣ್ಣ ಹಾಕಿದ್ದಲ್ಲ, ಗಿಡದಲ್ಲೇ ಕಂದು. ಅದಕ್ಕೆ ಇಶ್ಕಾಕೊ ಎನ್ನುತ್ತಾರೆ. ಪಾಪಾಸುಕಳ್ಳಿಯ ಮೇಲೆ ಬೆಳೆಯುವ ಹುಳದಿಂದ ಕೆಂಪು, ಗಜ್ಜರಿಯಿಂದ ಕೇಸರಿ ಬಣ್ಣ ತೆಗೆಯುತ್ತಾರೆ. ಬಣ್ಣ ಬಿಡದ ಹಾಗೆ ನಿಲ್ಲಿಸಲು ಬಾಳೆ ದಿಂಡು ಬಳಸುತ್ತಾರೆ. ರಾಸಾಯನಿಕ ಬಣ್ಣ ಬರುವ ಮೊದಲು ಆ ಹುಳದ ಕೆಂಪೇ ಗ್ವಾಟೆಮಾಲಾದ ದೊಡ್ಡ ವ್ಯಾಪಾರವಾಗಿತ್ತು. ಆಮೇಲೆ ಆ ಜಾಗಕ್ಕೆ ಕಾಫಿ ಬಂತು.

ಮಗ್ಗ ನೋಡಿ ನಾನು ಬಹಳ ಹೊತ್ತು ಅಲ್ಲೇ ಕೂತೆ. ನಮ್ಮ ಕುಣಿ ಮಗ್ಗದಂಥ ಚೌಕಟ್ಟೇ ಅದಕ್ಕಿಲ್ಲ. ಕೆಲವು ಕೋಲು, ಹಗ್ಗ, ಒಂದು ಪಟ್ಟಿ. ಹಾಸಿನ, ಅಂದರೆ ಉದ್ದಕ್ಕೆ ಕಟ್ಟಿದ ಎಳೆಗಳ, ಒಂದು ತುದಿ ಕಂಬಕ್ಕೆ, ಇನ್ನೊಂದು ತುದಿ ನೇಯುವವಳ ನಡುವಿಗೆ. ಹಿಂದೆ ಜಗ್ಗಿದರೆ ಹಾಸು ಬಿಗಿ, ಮುಂದೆ ಬಾಗಿದರೆ ಸಡಿಲ. ಮೈಯೇ ಮಗ್ಗದ ಅರ್ಧ ಭಾಗ. ಕೈ ಚಾಚಿದಷ್ಟೇ ಅಗಲ ಬರುವುದರಿಂದ ಎರಡು ಮೂರು ಪಟ್ಟಿ ಸೇರಿಸಿ ಹೊಲಿದು ವಿಪೀಲ್ ಮಾಡುತ್ತಾರೆ. ಉಡುವ ಲಂಗದ ಬಟ್ಟೆ ಮಾತ್ರ ಕಾಲ್ಮಗ್ಗದ್ದು. ಆ ಮಗ್ಗವನ್ನು ತಂದವರು ಸ್ಪೇನಿನವರು, ಅದರ ಮೇಲೆ ಹೆಚ್ಚಾಗಿ ಗಂಡಸರು ನೇಯುತ್ತಾರೆ.

ನಾನು ಅವತ್ತು ಇಳಕಲ್ ಸೀರೆ ಉಟ್ಟಿದ್ದೆ, ಟೋಪ್ ತೆನಿ ಸೆರಗು. ಅಲ್ಲಿದ್ದ ಅಜ್ಜಿ ಎದ್ದು ಬಂದು ಸೆರಗು ಹಿಡಿದರು. ಮೇಲಿನ ಬಣ್ಣ ನೋಡಲಿಲ್ಲ. ಮೊದಲು ಹಿಂದಕ್ಕೆ ತಿರುಗಿಸಿದರು, ಆಮೇಲೆ ಸೆರಗಿನ ಹಾಸು ಸೀರೆಯ ಮೈಯ ಹಾಸಿನೊಂದಿಗೆ ಸೇರುವ ಕೊಂಡಿಯ ಮೇಲೆ ಉಗುರು ಆಡಿಸಿದರು. ನಾನು ಎರಡೂ ಕೈಯ ಬೆರಳು ಒಂದಕ್ಕೊಂದು ಸಿಕ್ಕಿಸಿ, ಹೀಗೆ ಜೋಡಿಸುತ್ತೇವೆ ಎಂದು ತೋರಿಸಿದೆ. ಅವರು ತಲೆಯಾಡಿಸಿ, ಬೇರೆಯವರನ್ನೂ ಕರೆದು ಅದೇ ಜಾಗ ತೋರಿಸಿದರು. ನೇಕಾರರ ಮನೆಯವರು ಹೋಗುವುದಿದ್ದರೆ ಒಂದು ಕೈಮಗ್ಗದ ಸೀರೆಯನ್ನೋ ಗುಳೇದಗುಡ್ಡದ ಖಣವನ್ನೋ ಖಂಡಿತ ಒಯ್ಯಿರಿ. ಅಲ್ಲಿ ಮಾತಿಗಿಂತ ಅದು ಜಾಸ್ತಿ ಕೆಲಸ ಮಾಡುತ್ತದೆ.

ಕೊಳ್ಳುವಾಗ ಇಷ್ಟು ನೋಡಿ. ಬಟ್ಟೆ ತಿರುಗಿಸಿ. ಮುಂದೆ ಚಿತ್ತಾರ ಇದ್ದು ಹಿಂದೆ ಬಿಳಿ ಇದ್ದರೆ ಅದು ಮೇಲೆ ಅಚ್ಚು ಹಾಕಿದ್ದು. ಈಗ ಅಂಥ ವಿಪೀಲ್ ಎಲ್ಲ ಸಂತೆಯಲ್ಲೂ ತುಂಬಿವೆ. ನಡುವೆ ಹೊಲಿಗೆ ಗೆರೆ ಕಂಡರೆ ದೋಷ ಎಂದು ಬಿಡಬೇಡಿ, ನಡುವಿಗೆ ಕಟ್ಟಿ ನೇಯ್ದ ಬಟ್ಟೆಗೆ ಅದೇ ಗುರುತು. ಅಂಚು ಕತ್ತರಿಸದೆ ನೇಯ್ಗೆಯಲ್ಲೇ ಮುಗಿದಿದ್ದರೆ ಇನ್ನೂ ಚಲೋ. ಸಂಘದ ಅಂಗಡಿಯಲ್ಲಿ ನೇಯ್ದವಳ ಹೆಸರು ಬರೆದ ಚೀಟಿ ಇರುತ್ತದೆ, ಅಲ್ಲಿ ಚೌಕಾಸಿ ಮಾಡಬೇಡಿ. ಒಂದು ಒಳ್ಳೆಯ ವಿಪೀಲ್‌ಗೆ ತಿಂಗಳುಗಟ್ಟಲೆ ಕೆಲಸ ಹಿಡಿಯುತ್ತದೆ. ಪವರ್‌ಲೂಮಿನ ನಕಲು ಬಂದು ನಮ್ಮ ಕೈಮಗ್ಗಗಳು ಏನಾದವು ಎಂದು ನಾವು ಕಣ್ಣಾರೆ ಕಂಡಿದ್ದೇವೆ ಅಲ್ವಾ. ಅಲ್ಲಿಯ ಮಾಯಾ ಹೆಣ್ಣುಮಕ್ಕಳು ತಮ್ಮ ಚಿತ್ತಾರಗಳನ್ನು ಕಂಪನಿಗಳು ಕೇಳದೆ ಬಳಸುತ್ತಿವೆ ಎಂದು 2016ರಲ್ಲಿ ದೇಶದ ಸಂವಿಧಾನ ನ್ಯಾಯಾಲಯದವರೆಗೂ ಹೋದರು. ನ್ಯಾಯವಾದ ಬೆಲೆ ಕೊಟ್ಟು ತರುವುದು ನಮ್ಮಂಥವರಿಂದ ಆಗುವ ಕೆಲಸ.

ಚೌಕಾಸಿಯ ಜಾಗ ಚಿಚಿಕಾಸ್ತೆನಾಂಗೊ ಸಂತೆ. ಗುರುವಾರ ಮತ್ತು ಭಾನುವಾರ ಮಾತ್ರ. ನಿಮ್ಮ ದಿನಗಳನ್ನು ಅದಕ್ಕೆ ಹೊಂದಿಸಿಕೊಳ್ಳಿ. ಮುಂಜಾನೆ ಬೇಗ ಹೋಗಿ. ಸಂತೆಯ ಪಕ್ಕದ ಸಾಂತೊ ತೊಮಾಸ್ ಚರ್ಚಿನ ಮೆಟ್ಟಿಲ ಮೇಲೆ ಮಾಯಾ ಜನ ಧೂಪ ಹಾಕಿ ಪೂಜೆ ಮಾಡುತ್ತಿರುತ್ತಾರೆ. ಆ ಮೆಟ್ಟಿಲು ಹತ್ತಬೇಡಿ, ಒಳಗೆ ಫೋಟೋ ಬೇಡ. ಎಲ್ಲ ಕಡೆಯೂ ಜನರ ಫೋಟೋ ಕೇಳಿಯೇ ತೆಗೆಯಿರಿ. ಮಕ್ಕಳ ಫೋಟೋ ಮಾತ್ರ ತಾಯಿ ಒಪ್ಪದೆ ತೆಗೆಯಲೇಬೇಡಿ, ಎತ್ತಿ ಮುದ್ದಿಸಲೂ ಹೋಗಬೇಡಿ. ಮಕ್ಕಳನ್ನು ಕದ್ದೊಯ್ಯುತ್ತಾರೆ ಎಂಬ ಭಯ ಅಲ್ಲಿ ಬಹಳ. ಹಿಂದೆ ಹಾಗೆ ಸಂಶಯಪಟ್ಟ ಜನರ ಕೈಯಲ್ಲಿ ಪ್ರವಾಸಿಯೊಬ್ಬರ ಜೀವವೂ ಹೋಗಿದೆ.

ಇನ್ನು ಊಟ. ನಮ್ಮ ಮನೆಯಲ್ಲಿ ಮಾಂಸ, ಮೊಟ್ಟೆ ಇಲ್ಲ. ಉಪವಾಸ ಬೀಳುತ್ತೇವೇನೋ ಎಂಬ ಚಿಂತೆಯಿತ್ತು, ಹಾಗಾಗಲಿಲ್ಲ. ಅಲ್ಲಿಯ ಜನರ ನಿತ್ಯದ ಊಟ ಗೋವಿನಜೋಳದ ತೋರ್ತಿಯಾ. ಗೋವಿನಜೋಳವನ್ನು ಸುಣ್ಣದ ನೀರಿನಲ್ಲಿ ಕುದಿಸಿ, ನೆನೆಸಿ, ತೊಳೆದು ಹಿಟ್ಟು ಮಾಡುತ್ತಾರೆ. ಅಂಗೈ ಮೇಲೆ ತಟ್ಟಿ ಹಂಚಿನ ಮೇಲೆ ಬೇಯಿಸುತ್ತಾರೆ. ಮಧ್ಯಾಹ್ನ ಬೀದಿಯಲ್ಲಿ ನಡೆದರೆ ರೊಟ್ಟಿ ಬಡಿಯುವ ಸದ್ದು ನಮ್ಮ ಓಣಿಯ ಹಾಗೆಯೇ. ಅದರಲ್ಲಿ ಜೋಳ, ಸುಣ್ಣ, ನೀರು ಬಿಟ್ಟು ಬೇರೇನೂ ಇಲ್ಲ, ನಿಶ್ಚಿಂತೆಯಿಂದ ತಿನ್ನಿ. ಜೊತೆಗೆ ಕಪ್ಪು ಅವರೆಯಂಥ ಕಾಳು, ಬೆಣ್ಣೆಹಣ್ಣು, ಕರಿದ ಬಾಳೆಹಣ್ಣು, ಅನ್ನ ಸಿಗುತ್ತದೆ. ಬಾಳೆಹಣ್ಣಿನೊಳಗೆ ಕಾಳಿನ ಸಿಹಿ ಹೂರಣ ತುಂಬಿ ಕರಿಯುವ ರೆಯೆನಿತೊ ಎಂಬ ತಿಂಡಿಯನ್ನು ಬಿಡಬೇಡಿ.

ಎಚ್ಚರ ಎಲ್ಲಿ ಅಂದರೆ, ಕಾಳಿಗೆ ಹಂದಿಕೊಬ್ಬು ಹಾಕುವುದುಂಟು. ಎಲೆಯಲ್ಲಿ ಕಟ್ಟಿ ಬೇಯಿಸುವ ತಮಾಲ್‌ನಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅನ್ನ, ಸಾರಿಗೆ ಕೋಳಿ ಬೇಯಿಸಿದ ನೀರು ಹಾಕುತ್ತಾರೆ. ಕಾರ್ನೆ ಬೇಡ ಎಂದಷ್ಟೇ ಹೇಳಿದರೆ ದನದ ಮಾಂಸ ಬೇಡ ಎಂದುಕೊಂಡು ಕೋಳಿ ತಂದಿಡಬಹುದು. ಆದ್ದರಿಂದ ಇಷ್ಟೂ ಹೇಳಿ: ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ, ಸಿನ್ ವೇವೊ, ಸಿನ್ ಮಾಂತೇಕಾ. ಮಾಂಸ, ಕೋಳಿ, ಮೀನು, ಮೊಟ್ಟೆ, ಕೊಬ್ಬು ಏನೂ ಬೇಡ ಎಂದು. ನಾನು ಇದನ್ನು ಮಗಳ ಕೈಯಲ್ಲಿ ಸ್ಪ್ಯಾನಿಷ್‌ನಲ್ಲಿ ಒಂದು ಚೀಟಿಗೆ ಬರೆಸಿ ಪರ್ಸಿನಲ್ಲಿಟ್ಟಿದ್ದೆ, ತೋರಿಸಿದರೆ ಸಾಕಾಗುತ್ತಿತ್ತು. ಊಟದಲ್ಲಿ ಖಾರ ಕಡಿಮೆ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕಡಕ್ ರೊಟ್ಟಿ ಒಯ್ದಿದ್ದರೆ ಊಟ ಇಳಿಯುತ್ತದೆ. ಹಣ್ಣು, ಬೀಜ, ಹಸಿ ಕಾಯಿಪಲ್ಯೆ ಮಾತ್ರ ಗಡಿ ದಾಟಿಸಬೇಡಿ. ನಲ್ಲಿ ನೀರು ಕುಡಿಯಬೇಡಿ, ಹಲ್ಲುಜ್ಜಲೂ ಬಾಟಲಿ ನೀರೇ ಇರಲಿ. ಐಸ್ ಹಾಕಿದ ರಸ ಬೇಡ. ಇನ್ನೊಂದು ಮಾತು, ಏಲಕ್ಕಿ ರಫ್ತಿನಲ್ಲಿ ಜಗತ್ತಿಗೆ ಮೊದಲು ಗ್ವಾಟೆಮಾಲಾ. ಕೊಬಾನ್ ಕಡೆಯ ಗುಡ್ಡಗಳಲ್ಲಿ ಬೆಳೆಯುತ್ತಾರೆ, ಆದರೆ ಅಲ್ಲಿಯ ಅಡುಗೆಯಲ್ಲಿ ಕಾಣುವುದೇ ಅಪರೂಪ. ಚಹಾಕ್ಕೆ ಬೇಕಿದ್ದರೆ ನಿಮ್ಮದೇ ಒಯ್ಯಿರಿ.

ಸಮಯ ಮತ್ತು ದುಡ್ಡು ಇದ್ದವರು ಮಾಯಾ ಜನರ ಹಳೆಯ ಹಾಳು ಪಟ್ಟಣವಾದ ಟಿಕಾಲ್‌ಗೂ ಹೋಗಿ. ಅದು ಉತ್ತರದ ಕಾಡಿನಲ್ಲಿದೆ. ರಾಜಧಾನಿಯಿಂದ ಫ್ಲೋರೆಸ್‌ಗೆ ಒಂದು ತಾಸಿನ ವಿಮಾನ, ಅಲ್ಲಿಂದ ಗಾಡಿ. ಬಸ್ಸಿನಲ್ಲಿ ರಾತ್ರಿಯಿಡೀ ಹೋಗುವ ದಾರಿಯೂ ಇದೆ, ಬೇಡ. ನಮ್ಮ ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ಗುಡಿ ಎದ್ದ 8ನೇ ಶತಮಾನದಲ್ಲೇ ಅಲ್ಲಿಯೂ ದೊಡ್ಡ ದೊಡ್ಡ ಗುಡಿಗಳು ಎದ್ದವು. ಒಂದನೇ ಗುಡಿ ಸುಮಾರು 47 ಮೀಟರ್ ಎತ್ತರ. ಅವುಗಳ ಬಾಗಿಲ ಮೇಲೆ ಚಿಕ್ಕು ಮರದ ತೊಲೆ ಹಾಕಿದ್ದಾರೆ, ಸಾವಿರದ ಇನ್ನೂರು ವರ್ಷ ಕಳೆದರೂ ಕೆಲವು ಉಳಿದಿವೆ. ನಮ್ಮ ತೋಟದ ಚಿಕ್ಕುವಿನ ತವರು ಆ ಸೀಮೆಯೇ. ಕಾಡು ಬಿಸಿ, ಸೊಳ್ಳೆ ಬಹಳ. ನಸುಕಿನಲ್ಲಿ ಹೋಗಿ, ತುಂಬು ತೋಳಿನ ಬಟ್ಟೆ ಹಾಕಿ, ಸೊಳ್ಳೆಯ ಕ್ರೀಮ್ ಹಚ್ಚಿಕೊಳ್ಳಿ.

ಔಷಧಿಯನ್ನು ಬೇಕಾದದ್ದಕ್ಕಿಂತ ಒಂದು ವಾರದ್ದು ಜಾಸ್ತಿ ಒಯ್ಯಿರಿ, ಡಾಕ್ಟರ ಚೀಟಿ ಜೊತೆಗಿರಲಿ, ಕೈಚೀಲದಲ್ಲೇ ಇರಲಿ. ಬಿಪಿ ಇದ್ದವರು ಎತ್ತರದ ಊರಿಗೆ ಹೋಗುವ ಮುಂಚೆ ಡಾಕ್ಟರನ್ನು ಕೇಳಿ. ಅಮೆರಿಕಕ್ಕೆ ಅಂತ ಮಾಡಿಸಿದ ವಿಮೆ ಗ್ವಾಟೆಮಾಲಾದಲ್ಲಿ ನಡೆಯುತ್ತದೋ ಇಲ್ಲವೋ ಓದಿ ನೋಡಿ. ಎಷ್ಟೋ ವಿಮೆ ಅಮೆರಿಕದೊಳಗೆ ಮಾತ್ರ. ಇಲ್ಲದಿದ್ದರೆ ಬೇರೆ ಮಾಡಿಸಿ.

ಕಳ್ಳತನದ ಭಯ ಇದೆ, ಮುಚ್ಚಿಡುವುದಿಲ್ಲ. ಬಂಗಾರ ಪೂರ್ತಿ ಮಗಳ ಮನೆಯಲ್ಲಿ ಬಿಟ್ಟು ಹೋಗಿ. ತಾಳಿಯನ್ನು ದಾರದಲ್ಲಿ ಕಟ್ಟಿ ರವಿಕೆಯೊಳಗೆ ಹಾಕಿಕೊಳ್ಳಿ. ಕತ್ತಲಾದ ಮೇಲೆ ನಡೆದು ಓಡಾಡಬೇಡಿ, ಒಂದೂರಿಂದ ಇನ್ನೊಂದೂರಿಗೆ ಹಗಲಲ್ಲೇ ಹೋಗಿ. ಯಾರಾದರೂ ಅಡ್ಡಗಟ್ಟಿ ಕೇಳಿದರೆ ಕೊಟ್ಟುಬಿಡಿ. ಫೋನ್ ನಂಬರ್ ಪ್ರವಾಸಿಗಳ ಸಹಾಯಕ್ಕೆ 1500, ಪೊಲೀಸರಿಗೆ 110. ರಾಜಧಾನಿಯಲ್ಲಿ ನಮ್ಮ ಭಾರತದ ರಾಯಭಾರ ಕಚೇರಿಯೂ ಇದೆ, ವಿಳಾಸ ಬರೆದಿಟ್ಟುಕೊಳ್ಳಿ. ಸಣ್ಣ ಭೂಕಂಪ ಅಲ್ಲಿ ಆಗಾಗ ಆಗುತ್ತದೆ. ಹೋಟೆಲಿಗೆ ಹೋದ ಕೂಡಲೇ ಹೊರಗೆ ಹೋಗುವ ಬಾಗಿಲು ಎಲ್ಲಿದೆ ಎಂದು ನೋಡಿಡಿ.

ವಾಪಸ್ ಬರುವ ಹಿಂದಿನ ರಾತ್ರಿ ಆಂಟೀಗ್ವಾದಲ್ಲೇ ಇದ್ದು, ಟ್ರಾಫಿಕ್ ಲೆಕ್ಕ ಹಾಕಿ ಬೇಗ ಹೊರಡಿ. ವಿಮಾನಕ್ಕೆ ಮೂರು ತಾಸು ಮುಂಚೆ ತಲುಪಬೇಕು. ಕೊಂಡ ಬಟ್ಟೆಯ ರಸೀದಿ ಎತ್ತಿಡಿ. ತಿನ್ನುವ ವಸ್ತು ಏನಿದ್ದರೂ ಅಮೆರಿಕದಲ್ಲಿ ಇಳಿದಾಗ ಹೇಳಿಬಿಡಿ. ಉಳಿದ ಕೆಟ್ಸಾಲ್‌ಗಳನ್ನು ಅಲ್ಲಿಯೇ ಖರ್ಚು ಮಾಡಿ, ಹೊರಗೆ ಯಾರೂ ಬದಲಿಸಿ ಕೊಡುವುದಿಲ್ಲ. ವಿಮಾನ ನಿಲ್ದಾಣದಲ್ಲಿ ಒಳ್ಳೆಯ ಕಾಫಿ ಪುಡಿ ಸಿಗುತ್ತದೆ.